ನಳಕ್ಕೆ ಮೂರೂವರೆ ಸ್ಟಾರ್, ಯುಜಿಡಿಗೆ ಎರಡು: ನಮ್ಮ ಪಟ್ಟಣದ ಹೊಸ ಲೈನುಗಳ ವಿಮರ್ಶೆ

ಮೊದಲು ಸ್ಟಾರ್ ಹೇಳಿಬಿಡುತ್ತೇನೆ, ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಲ್ಲಿಗೇ ಬಿಡಬಹುದು. ಹೊಸ ನೀರಿನ ಲೈನಿಗೆ ಐದರಲ್ಲಿ ಮೂರೂವರೆ. ಯುಜಿಡಿಗೆ, ಅಂದರೆ ನೆಲದಡಿಯ ಒಳಚರಂಡಿಗೆ, ಎರಡು. ಇವೆರಡನ್ನೂ ಒಟ್ಟಿಗೆ ಕೂರಿಸಿ ಯೋಚನೆ ಮಾಡಬೇಕಿದ್ದ ಪ್ಲಾನಿಂಗಿಗೆ ಒಂದು, ಅದೂ ನಕ್ಷೆಯ ಬಣ್ಣ ಚೆನ್ನಾಗಿತ್ತು ಅನ್ನುವ ಕಾರಣಕ್ಕೆ. ಊರಿನ ಹೆಸರು ಬರೆಯುವುದಿಲ್ಲ. ಕಾರವಾರಕ್ಕೂ ಭಟ್ಕಳಕ್ಕೂ ನಡುವೆ ಎಲ್ಲೋ ಒಂದು ಪಟ್ಟಣ ಅಂದುಕೊಳ್ಳಿ. ಹೆಸರು ಹಾಕಿದರೆ ಮಾತೆಲ್ಲ ಯಾವ ವಾರ್ಡು, ಯಾವ ಮೆಂಬರು, ಯಾವ ಪಕ್ಷ ಅನ್ನುವ ಕಡೆ ಹೋಗುತ್ತದೆ. ಪೈಪಿನ ವಿಷಯ ಯಾರೂ ಮಾತಾಡುವುದಿಲ್ಲ.

ನನ್ನ ಪರಿಸ್ಥಿತಿ ಇಷ್ಟು. ಸ್ವಂತ ಮನೆ ಒಂದು, ಹಿತ್ತಲಲ್ಲಿ ಬಾಡಿಗೆಗೆ ಕೊಟ್ಟ ಸಣ್ಣ ಮನೆ ಎರಡು, ಮೂರಕ್ಕೂ ಸೇರಿ ಒಂದೇ ಬಾವಿ, ಒಂದೇ ಸೆಪ್ಟಿಕ್ ಟ್ಯಾಂಕ್. ಮಾಸ್ತರಿಕೆ ಮಾಡಿ ನಿವೃತ್ತನಾದವನು, ಹಾಗಾಗಿ ಕೇರಿಯಲ್ಲಿ ಯಾರು ರಸ್ತೆ ಅಗೆದರೂ ಹೋಗಿ ನಿಂತು ನೋಡುವಷ್ಟು ಸಮಯ ಇದೆ. ಎರಡೂ ಕನೆಕ್ಷನ್ ಕೈಯಿಂದ ದುಡ್ಡು ಹಾಕಿಯೇ ತೆಗೆದುಕೊಂಡದ್ದು. ಬೇಸಿಗೆ, ಮಳೆಗಾಲ ಎರಡರಲ್ಲೂ ಬಳಸಿ ನೋಡಿಯಾಗಿದೆ.

ನೀರಿನ ಲೈನಿನಿಂದ ಶುರು ಮಾಡೋಣ, ಯಾಕೆಂದರೆ ಹೊಗಳಲು ಏನಾದರೂ ಇರುವುದು ಅಲ್ಲೇ. ಪೈಪು ಒಳ್ಳೆಯದು. ಹಳೆಯ ಕಬ್ಬಿಣದ ಲೈನ್ ಕಿತ್ತಾಗ ಒಂದು ತುಂಡು ಕೈಯಲ್ಲಿ ಹಿಡಿದು ನೋಡಿದೆ, ಒಳಗೆ ತುಕ್ಕು ಕಟ್ಟಿ ಕಟ್ಟಿ ಎರಡು ಬೆರಳು ತೂರುವಷ್ಟೇ ಜಾಗ ಉಳಿದಿತ್ತು. ಇಷ್ಟು ವರ್ಷ ನೀರು ಬಂದದ್ದೇ ಹೆಚ್ಚು. ಈಗ ದೊಡ್ಡ ರಸ್ತೆಗೆ ಡಿಐ (ಡಕ್ಟೈಲ್ ಕಬ್ಬಿಣದ) ಪೈಪು, ಒಳಕೇರಿಗಳಿಗೆ ಕಪ್ಪು ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು. ಮೊದಲು ಏಪ್ರಿಲ್ ಬಂತೆಂದರೆ ನಮ್ಮ ಬಾವಿ ನೀರು ಬಾಯಿಗೆ ಉಪ್ಪುಪ್ಪು ಅನ್ನಿಸುತ್ತಿತ್ತು, ಅನ್ನ ಮಾಡಲು ಟ್ಯಾಂಕರ್ ಕಾಯಬೇಕಿತ್ತು. ಈಗ ದಿನ ಬಿಟ್ಟು ದಿನವಾದರೂ ನಳಕ್ಕೆ ಸಿಹಿನೀರು ಬರುತ್ತದೆ, ಪ್ರೆಶರ್ ಕೂಡ ಇದೆ. ನೀರು ಬಿಡುವವ ಹುಡುಗ ಫೋನ್ ಎತ್ತುತ್ತಾನೆ. "ಮಾಸ್ತರ್ರೆ, ಇವತ್ತು ಪಂಪ್‌ಹೌಸ್‌ಲ್ಲಿ ಕರೆಂಟಿಲ್ಲ, ನಾಳೆ ಬೆಳಿಗ್ಗೆ ಬಿಡ್ತೆ" ಎಂದು ನಿಜ ಹೇಳುತ್ತಾನೆ. ಆ ಮೂರೂವರೆಯಲ್ಲಿ ಅರ್ಧ ಸ್ಟಾರ್ ಅವನದ್ದೇ.

ನಮ್ಮ ಕಡೆ ನೀರಿನ ಲೈನ್ ಅಂದರೆ ಒಂದೇ ಊರಿನದ್ದು ಅಲ್ಲ. ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ಕಾರವಾರ, ಅಂಕೋಲಾ ಎರಡೂ ಕುಡಿಯುವುದು ಗಂಗಾವಳಿ ನೀರನ್ನು, ಅಂಕೋಲಾ ತಾಲೂಕಿನ ಹೊನ್ನಳ್ಳಿ ಹತ್ತಿರ ಎತ್ತಿ ತರುತ್ತಾರೆ. ಕುಮಟಾ, ಹೊನ್ನಾವರಕ್ಕೆ ಅಘನಾಶಿನಿಯಿಂದ ಮರಾಕಲ್ ಯೋಜನೆ. ಕಾರವಾರಕ್ಕೆ ಬರುವ ನೆಂಟರು ಕೇಳುವ ಪ್ರಶ್ನೆ ಒಂದೇ, ಕಾಳಿ ನದಿ ಊರಿನ ಪಕ್ಕದಲ್ಲೇ ಇಷ್ಟು ಅಗಲಕ್ಕೆ ಹರಿಯುವಾಗ ಅಂಕೋಲೆಯಿಂದ ಯಾಕೆ ನೀರು ತರಬೇಕು ಅಂತ. ಸದಾಶಿವಗಡದ ಹತ್ತಿರ ನಿಂತು ಒಂದು ಬೊಗಸೆ ಬಾಯಿಗೆ ಹಾಕಿಕೊಂಡರೆ ಉತ್ತರ ಸಿಗುತ್ತದೆ. ಭರತ (ಉಬ್ಬರ) ಬಂದಾಗ ಸಮುದ್ರದ ನೀರು ನದಿಯೊಳಗೆ ಮೇಲಕ್ಕೆ ಹೋಗುತ್ತದೆ. ನಮ್ಮ ಜಿಲ್ಲೆಯ ನದಿಗಳದ್ದೆಲ್ಲ ಇದೇ ಹಣೆಬರಹ. ಮಳೆಗಾಲದಲ್ಲಿ ಊರೇ ಮುಳುಗುವಷ್ಟು ಸಿಹಿನೀರು, ಮೇ ತಿಂಗಳಲ್ಲಿ ಮೈಲಿಗಟ್ಟಲೆ ಒಳಗೆ ಹೋದರೂ ಉಪ್ಪು. ಅದಕ್ಕೇ ಉಪ್ಪು ಮುಟ್ಟದ ಜಾಗ ಹುಡುಕಿ ನೀರೆತ್ತಬೇಕು, ಅಲ್ಲಿಂದ ಉದ್ದಕ್ಕೆ ಪೈಪು ಎಳೆಯಬೇಕು, ಆ ಪೈಪು ದಾರಿಯಲ್ಲಿ ನಾಲ್ಕಾರು ಗ್ರಾಮ ಪಂಚಾಯಿತಿ ದಾಟಬೇಕು.

ಜಗಳ ಹುಟ್ಟುವುದು ಅಲ್ಲೇ. ಹಳ್ಳಿಯವರು ಕೇಳುವುದು ಸರಿಯಾಗೇ ಇದೆ: ಪೈಪು ನಮ್ಮ ಗದ್ದೆ ಅಂಚಲ್ಲಿ ಹೋಗಬೇಕು, ಒಡೆದರೆ ನಮ್ಮ ಗದ್ದೆಗೆ ನೀರು ನುಗ್ಗಬೇಕು, ಕುಡಿಯುವವರು ಮಾತ್ರ ಪೇಟೆಯವರಾ? ಹಾಗಾಗಿ ಅಲ್ಲಲ್ಲಿ ಅದೇ ಪೈಪಿನಿಂದ ಹಳ್ಳಿಗೂ ಒಂದು ಕವಲು, ಅಂದರೆ ಟ್ಯಾಪಿಂಗ್, ಕೊಡುತ್ತಾರೆ. ಕೊಡಲಿ, ಕೊಡಬೇಕು. ಆದರೆ ಲೆಕ್ಕ ನೋಡಿ. ಹಳ್ಳಿಗಳಿಗೆ ಜಲ ಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್. ಪಟ್ಟಣದಲ್ಲಿ ಒಳಚರಂಡಿ ಇದ್ದರೆ ಕೇಂದ್ರ ಸರ್ಕಾರದ ನೀರು ಸರಬರಾಜು ಕೈಪಿಡಿ ಪ್ರಕಾರ 135 ಲೀಟರ್, ಒಳಚರಂಡಿ ಇಲ್ಲದಿದ್ದರೆ 70. ನಮ್ಮ ಪಟ್ಟಣದ ಗಡಿ ಹೋಗುವುದು ಒಂದು ಹಳ್ಳದ ಆಚೆ-ಈಚೆ. ಈಚೆಯ ಮನೆ ನನ್ನ ದಾಯಾದಿಯದ್ದು, ಆಚೆಯದ್ದು ಅವನ ತಮ್ಮನದ್ದು. ಒಂದೇ ಪೈಪು, ಒಂದೇ ಅಡುಗೆ, ಒಂದೇ ಥರ ಎಮ್ಮೆ ತೊಳೆಯುವುದು, ಆದರೆ ಕಾಗದದ ಮೇಲೆ ತಮ್ಮನಿಗೆ ಬಾಯಾರಿಕೆ ಅರ್ಧಕ್ಕಿಂತ ಕಡಿಮೆ. ಗೋಕರ್ಣದಂಥ ಕಡೆ ಇನ್ನೂ ತಮಾಷೆ. ವರ್ಷವಿಡೀ ಯಾತ್ರಿಕರು, ಬೀಚಿಗೆ ಬರುವವರು, ಹೋಂಸ್ಟೇ, ಹೋಟೆಲು, ಆದರೂ ಊರು ಬಹುಕಾಲ ಗ್ರಾಮ ಪಂಚಾಯಿತಿಯಾಗೇ ಇತ್ತು.

ಹಂಚಿಕೆಯ ಲೈನಿಗೆ ಗಡಿಯಲ್ಲೊಂದು ದೊಡ್ಡ ಮೀಟರ್ ಇಟ್ಟು, ಇಷ್ಟು ನೀರು ಆ ಕಡೆ ಹೋಯಿತು, ಇಷ್ಟು ಈ ಕಡೆ ಅಂತ ತಿಂಗಳಿಗೊಮ್ಮೆ ಎರಡೂ ಆಫೀಸಿನ ಬೋರ್ಡಿಗೆ ಅಂಟಿಸಿದರೆ ಅರ್ಧ ಜಗಳ ನಿಲ್ಲುತ್ತದೆ. ನಮ್ಮಲ್ಲಿ ಮೀಟರಿಗೆ ಚೇಂಬರ್ ಕಟ್ಟಿದ್ದಾರೆ. ಒಳಗೆ ಮೀಟರ್ ಇಲ್ಲ. ಮುಚ್ಚಳ ಎತ್ತಿದರೆ ಕಪ್ಪೆ ಇದೆ.

ಇನ್ನು ಒಂದೂವರೆ ಸ್ಟಾರ್ ಕಳೆದದ್ದು ಯಾಕೆ ಅಂತ ಹೇಳಬೇಕು. ಮುಖ್ಯ ಪೈಪಿನಿಂದ ಮನೆಗೆ ಬರುವ ಸಣ್ಣ ಪೈಪು ಇದೆಯಲ್ಲ, ಮುಕ್ಕಾಲು ಇಂಚಿಂದು, ಅದು ನಮ್ಮ ಕೇರಿಯಲ್ಲಿ ಮನೆ ಎದುರಿನ ಗಟಾರದ ಒಳಗಿಂದಲೇ ದಾಟಿ ಬರುತ್ತದೆ. ಗಟಾರದ ಗೋಡೆಗೆ ತೂತು, ತೂತಿನಲ್ಲಿ ಪೈಪು, ಅದಕ್ಕೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ, ತೆಂಗಿನ ಸೋಗೆ, ಕರಿ ಕೆಸರು. ನೀರು ಬರುವಾಗ ಏನೂ ತೊಂದರೆ ಇಲ್ಲ, ಒಳಗಿನ ಒತ್ತಡ ಹೊರಗಿನದ್ದನ್ನು ತಳ್ಳುತ್ತದೆ. ನೀರು ನಿಲ್ಲಿಸಿದ ಮೇಲೆ ನೋಡಬೇಕು. ತಗ್ಗಿನ ಕಡೆ ಯಾರೋ ನಳ ತೆರೆದಿರುತ್ತಾರೆ, ಇನ್ಯಾರೋ ಲೈನಿಗೇ ಮೋಟರ್ ಹಚ್ಚಿರುತ್ತಾರೆ, ಪೈಪು ಖಾಲಿಯಾಗುತ್ತ ಹೊರಗಿನದ್ದನ್ನು ಒಳಕ್ಕೆ ಹೀರುತ್ತದೆ. ಒಂದು ಕಡೆ ಜಾಯಿಂಟ್ ಸಡಿಲ ಇದ್ದರೆ ಸಾಕು. ಮತ್ತೆ ನೀರು ಬಿಟ್ಟಾಗ ಮೊದಲ ಕೊಡಪಾನ ಯಾಕೆ ಕದಡಿರುತ್ತದೆ ಅಂತ ಈಗ ಗೊತ್ತಾಯಿತಲ್ಲ. ಎಂಜಿನಿಯರುಗಳು ದಿನದ 24 ಗಂಟೆ ನೀರು ಬೇಕು ಅನ್ನುವುದು ಐಷಾರಾಮಕ್ಕಲ್ಲ. ಪೈಪು ಯಾವಾಗಲೂ ತುಂಬಿದ್ದರೆ ಹೊರಗಿನ ಕೊಳೆ ಒಳಗೆ ಬರುವುದಿಲ್ಲ, ಅಷ್ಟೇ. ಅಲ್ಲಿಯ ತನಕ ನಮ್ಮ ಮನೆಯಲ್ಲಿ ಮೊದಲು ಬಂದ ನೀರು ತೆಂಗಿನ ಬುಡಕ್ಕೆ.

ಕೈಪಿಡಿಯಲ್ಲಿ ಇದಕ್ಕೆಲ್ಲ ನಿಯಮ ಇದೆ. ಕುಡಿಯುವ ನೀರಿನ ಪೈಪಿಗೂ ಕೊಳಚೆ ಪೈಪಿಗೂ ಅಡ್ಡಕ್ಕೆ 3 ಮೀಟರ್ ದೂರ ಇರಬೇಕು. ಅಷ್ಟು ಜಾಗ ಇಲ್ಲದಿದ್ದರೆ ನೀರಿನ ಪೈಪು ಕನಿಷ್ಠ ಅರ್ಧ ಮೀಟರ್ ಮೇಲಿರಬೇಕು. ನಮ್ಮ ಕೇರಿಯ ರಸ್ತೆಯೇ ಪೂರ್ತಿ 3 ಮೀಟರ್ ಇಲ್ಲ. ಹಾಗಾಗಿ ಮೇಲೆ ನೀರು, ಕೆಳಗೆ ಕೊಳಚೆ ಅನ್ನುವ ಎರಡನೇ ನಿಯಮವೇ ಗತಿ. ಅದು ಆಗಬೇಕಾದರೆ ಯಾವ ಪೈಪು ಮೊದಲು ಹಾಕಬೇಕು? ಆಳದ್ದು, ಅಂದರೆ ಕೊಳಚೆಯದ್ದು. ಹೈಸ್ಕೂಲ್ ಹುಡುಗರೂ ಹೇಳಿಯಾರು. ನಮ್ಮಲ್ಲಿ ಮೊದಲು ನೀರಿನ ಪೈಪು ಬಂತು, ಅದರ ಮೇಲೆ ಕಾಂಕ್ರೀಟ್ ರಸ್ತೆ ಬಂತು, ರಸ್ತೆಯ ಉದ್ಘಾಟನೆಗೆ ಪೆಂಡಾಲ್ ಹಾಕಿದರು, ಆಮೇಲೆ ಯುಜಿಡಿಯವರು ಬ್ರೇಕರ್ ತಂದು ಅದೇ ಕಾಂಕ್ರೀಟ್ ಒಡೆದರು. ಒಡೆಯುವಾಗ ನೀರಿನ ಪೈಪಿಗೂ ಏಟು ಬಿತ್ತು. ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿದು ಮಣ್ಣು ಮುಚ್ಚಿದರು. ಆ ಜಾಗ ನನಗೆ ಗೊತ್ತು, ಅಲ್ಲಿ ಇವತ್ತಿಗೂ ಬೇಸಿಗೆಯಲ್ಲೂ ಹುಲ್ಲು ಹಸಿರು.

ಈಗ ಯುಜಿಡಿ. ಇದನ್ನು ಬೇಡ ಅನ್ನುವವರ ಗುಂಪೇ ಒಂದಿದೆ ನಮ್ಮೂರಲ್ಲಿ. ನಾನು ಆ ಗುಂಪಿನವನಲ್ಲ. ಯಾಕೆ ಅಂದರೆ ಲೆಕ್ಕ. ಬಳಸಿದ ನೀರಿನಲ್ಲಿ ಸುಮಾರು 80 ಪರ್ಸೆಂಟ್ ಕೊಳಚೆಯಾಗಿ ಹೊರಗೆ ಬರುತ್ತದೆ ಅಂತ ಹಿಡಿಯುತ್ತಾರೆ. ಐದು ಜನರ ಮನೆಗೆ 135 ಲೀಟರಿನಂತೆ ನೀರು ಬಂದರೆ ದಿನಕ್ಕೆ 675 ಲೀಟರ್. ಅದರಲ್ಲಿ 540 ಲೀಟರ್ ಹೊರಗೆ. ಮೊದಲು ಬಾವಿಯಿಂದ ಸೇದಿ ಬಳಸುತ್ತಿದ್ದಾಗ ಅಷ್ಟು ನೀರು ಯಾರೂ ಖರ್ಚು ಮಾಡುತ್ತಿರಲಿಲ್ಲ, ಕೈ ನೋಯುತ್ತಿತ್ತು. ಈಗ ನಳ ಬಂತು, ಮೇಲೆ ಟಾಕಿ ಬಂತು, ವಾಶಿಂಗ್ ಮಶಿನ್ ಬಂತು, ಫ್ಲಶ್ ಬಂತು. ಗುಂಡಿ ಮಾತ್ರ ಅದೇ ಅಪ್ಪನ ಕಾಲದ್ದು. ನೀರಿನ ಯೋಜನೆ ಅಂತ ಉದ್ಘಾಟನೆ ಮಾಡುವ ಪ್ರತಿಯೊಂದೂ ಕೊಳಚೆಯ ಯೋಜನೆಯೂ ಹೌದು. ಒಂದಕ್ಕೆ ರಿಬ್ಬನ್ ಕತ್ತರಿಸುತ್ತಾರೆ, ಇನ್ನೊಂದಕ್ಕೆ ಅಂದಾಜುಪಟ್ಟಿ ಕೂಡ ಮಾಡುವುದಿಲ್ಲ.

ಆ 540 ಲೀಟರ್ ಎಲ್ಲಿಗೆ ಹೋಗುತ್ತದೆ ಅನ್ನುವುದೇ ಕರಾವಳಿಯಲ್ಲಿ ಮುಖ್ಯ ಪ್ರಶ್ನೆ. ನಮ್ಮಲ್ಲಿ ಮನೆಗೊಂದು ಬಾವಿ. ಸೆಪ್ಟಿಕ್ ಗುಂಡಿಯಿಂದ ಬಾವಿಗೆ 15 ಮೀಟರಾದರೂ ದೂರ ಇರಲಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಎರಡು ಗುಂಟೆಯ ಚೌಕದ ಸೈಟು ತಗೊಳ್ಳಿ, ಒಂದು ಬದಿ 14 ಮೀಟರ್ ಚಿಲ್ಲರೆ. ಒಂದು ಮೂಲೆಯಲ್ಲಿ ಗುಂಡಿ, ಎದುರು ಮೂಲೆಯಲ್ಲಿ ಬಾವಿ ಇಟ್ಟರೆ ನಿಮ್ಮ ಕಂಪೌಂಡಿನೊಳಗೆ ಲೆಕ್ಕ ಸರಿಯಾದೀತು. ಪಕ್ಕದ ಮನೆಯವರ ಬಾವಿ? ಅವರೂ ಮೂಲೆಯಲ್ಲೇ ತೋಡಿರುತ್ತಾರೆ, ನಿಮ್ಮ ಗುಂಡಿಯ ಪಕ್ಕಕ್ಕೇ. ಅದರ ಮೇಲೆ ನಮ್ಮದು ಚೀರೆಕಲ್ಲಿನ ನೆಲ, ಒಳಗೆಲ್ಲ ತೂತು. ಸಮುದ್ರದ ಕಡೆ ಹೋದರೆ ಬರೀ ಮರಳು. ಜುಲೈನಲ್ಲಿ ಬಾವಿ ನೀರು ಕಟ್ಟೆ ತನಕ ಏರುತ್ತದೆ, ಬಗ್ಗಿ ಚೊಂಬಲ್ಲೇ ಎತ್ತಬಹುದು. ನೆಲವೇ ತುಂಬಿರುವಾಗ ಗುಂಡಿಯ ನೀರು ಇಂಗುವುದಾದರೂ ಎಲ್ಲಿಗೆ? ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಒಂದೂ ಕಾಣಬಾರದು. ನಮ್ಮ ಬಾವಿ ನೀರು ಮಳೆಗಾಲದಲ್ಲಿ ಟೆಸ್ಟಿಗೆ ಕೊಟ್ಟಿದ್ದೆ. ಫಲಿತಾಂಶ ಮನೆಯವಳಿಗೆ ಹೇಳಿದೆ, ಬಾಡಿಗೆಯವರಿಗೂ ಹೇಳಿದೆ, ಆವತ್ತಿಂದ ಮೂರೂ ಮನೆಯಲ್ಲಿ ಕುದಿಸಿಯೇ ಕುಡಿಯುವುದು.

ಹಾಗಾದರೆ ಯುಜಿಡಿ ಬಂದರೆ ಎಲ್ಲ ಸರಿಯಾ? ಸರಿಯಾಗಿ ಮಾಡಿದರೆ. ಮಾಡದಿದ್ದರೆ ಮನೆಮನೆಯ ಗುಂಡಿಯ ತೊಂದರೆ ಒಂದೇ ಕೇರಿಯ ತಲೆಗೆ ಬರುತ್ತದೆ. ಭಟ್ಕಳದ ಗೌಸಿಯಾ ಸ್ಟ್ರೀಟ್ ಭಾಗದ ಬಾವಿಗಳಿಗೆ ಒಳಚರಂಡಿ ನೀರು ಸೇರುತ್ತಿದೆ ಅನ್ನುವ ದೂರು ಪೇಪರಿನಲ್ಲಿ ಎಷ್ಟು ಸಲ ಬಂದಿದೆ ಅಂತ ಜಿಲ್ಲೆಯವರಿಗೆ ಗೊತ್ತೇ ಇದೆ. ಅದನ್ನು ಓದಿದವರು ತಮ್ಮ ಕೇರಿಯಲ್ಲಿ ವೆಟ್‌ವೆಲ್ (ಕೊಳಚೆ ಕೂಡಿಟ್ಟು ಪಂಪಿನಿಂದ ಎತ್ತುವ ಬಾವಿ) ಬೇಡ ಅಂತ ಅಡ್ಡ ಮಲಗಿದರೆ ಅವರನ್ನು ಅಭಿವೃದ್ಧಿ ವಿರೋಧಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಸಮತಟ್ಟು ಊರಿಗೆ ಯುಜಿಡಿ ಯಾಕೆ ಕಷ್ಟ ಅಂತಲೂ ತಿಳಿದುಕೊಳ್ಳಬೇಕು. ಕೊಳಚೆ ತನ್ನ ಪಾಡಿಗೆ ತಾನೇ ಹರಿಯಬೇಕು, ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗ ಇಲ್ಲದಿದ್ದರೆ ತಳದಲ್ಲಿ ಕೂರುತ್ತದೆ. ಆ ವೇಗಕ್ಕೆ ಸಣ್ಣ ಪೈಪಿನಲ್ಲಿ 100 ಮೀಟರಿಗೆ ಸುಮಾರು ಅರ್ಧ ಮೀಟರ್ ಇಳಿಜಾರು ಬೇಕು. ನೆಲ ಸಮತಟ್ಟಾಗಿದ್ದರೆ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಪೈಪು 5 ಮೀಟರ್ ಕೆಳಗೆ. ನಮ್ಮಲ್ಲಿ ಒಂದೂವರೆ ಮೀಟರಿಗೇ ನೀರು ಸಿಗುತ್ತದೆ, ಕೆಳಗೆ ಮರಳು ಕುಸಿಯುತ್ತದೆ. ಅದಕ್ಕೆ ನಡುನಡುವೆ ವೆಟ್‌ವೆಲ್ ಕಟ್ಟಿ ಪಂಪಿನಿಂದ ಎತ್ತಿ ಮುಂದಕ್ಕೆ ಕಳಿಸಬೇಕು. ಪಂಪಿಗೆ ಕರೆಂಟು ಬೇಕು. ಜೂನ್ ಮೊದಲ ಗಾಳಿಮಳೆಗೆ ಕಂಬ ಬೀಳುತ್ತದೆ. ಜನರೇಟರ್ ಇದೆ, ಡೀಸೆಲ್ ಬಿಲ್ ಪಾಸಾಗಿರುವುದಿಲ್ಲ. ಕೊಳಚೆ ಕಾಯುವುದಿಲ್ಲ, ಎಲ್ಲಕ್ಕಿಂತ ತಗ್ಗಿನಲ್ಲಿರುವ ಚೇಂಬರಿನ ಮುಚ್ಚಳ ಎತ್ತಿಕೊಂಡು ಹೊರಗೆ ಬರುತ್ತದೆ.

ಆ ತಗ್ಗಿನ ಚೇಂಬರ್ ನಮ್ಮ ಕೇರಿಯಲ್ಲೇ ಇದೆ. ಮಳೆ ಜೋರಾಗಿ ಹಿಡಿದಾಗ ಛತ್ರಿ ಹಿಡಿದು ನಿಂತು ನೋಡಿದ್ದೇನೆ. ಮೊದಲು ಮುಚ್ಚಳದ ಅಂಚಿನಲ್ಲಿ ಗುಳ್ಳೆ. ಆಮೇಲೆ ಮುಚ್ಚಳ ಟಕ ಟಕ ಅನ್ನುತ್ತದೆ. ಆಮೇಲೆ ಬೂದು ಬಣ್ಣದ ನೀರು ಸುತ್ತಲೂ ಉಕ್ಕುತ್ತದೆ. ವಿಚಿತ್ರ ಅಂದರೆ ಆಗ ವಾಸನೆ ಜಾಸ್ತಿ ಇರುವುದಿಲ್ಲ, ಯಾಕೆಂದರೆ ಅದರಲ್ಲಿ ಮುಕ್ಕಾಲು ಪಾಲು ಮಳೆನೀರು. ಮಳೆನೀರು ಒಳಚರಂಡಿಗೆ ಹೇಗೆ ಬಂತು? ನಾವೇ ಬಿಟ್ಟದ್ದು. ಅಂಗಳದಲ್ಲಿ ನೀರು ನಿಲ್ಲುತ್ತದೆ ಅಂತ ಮಾಡಿನ ನೀರಿನ ಪೈಪನ್ನು ಚೇಂಬರಿಗೆ ತಿರುಗಿಸಿದವರು ಕೇರಿಯಲ್ಲಿ ಅರ್ಧಕ್ಕರ್ಧ ಮನೆಯವರು. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಲ್ಲಿ ಒಂದು 1,000 ಚದರಡಿಯ ಮಾಡಿನಿಂದ ಎಷ್ಟು ನೀರು ಬರುತ್ತದೆ ಗೊತ್ತಾ? ಸುಮಾರು 2,80,000 ಲೀಟರ್, ಅದರಲ್ಲಿ ಹೆಚ್ಚಿನದ್ದು ನಾಲ್ಕೇ ತಿಂಗಳಲ್ಲಿ. ಆರಿಂಚು ಪೈಪು ಏನು ಮಾಡಬೇಕು? ಇದಕ್ಕೆ ಆಫೀಸನ್ನು ಬೈದು ಪ್ರಯೋಜನ ಇಲ್ಲ. ಎದುರು ಮನೆಯ ಆಯಿಗೆ ಹೇಳಿದೆ, "ಆಯಿ, ಮಾಡಿನ ನೀರು ಗಟಾರಕ್ಕೆ ಬಿಡಿ, ಚೇಂಬರಿಗೆ ಬೇಡ." ಅವರು ತಣ್ಣಗೆ, "ಗಟಾರ ಎಲ್ಲಿದೆ ತಮ್ಮಾ, ರಸ್ತೆ ಅಗಲ ಮಾಡ್ವಾಗ ಮುಚ್ಚಿ ಹೋದ್ರಲ್ಲ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕನೆಕ್ಷನ್ ತೆಗೆದುಕೊಳ್ಳುವ ಅನುಭವ ಹೇಳುತ್ತೇನೆ, ವಿಮರ್ಶೆ ಓದುವವರಿಗೆ ಅದೇ ಬೇಕಾಗಿರುವುದು. ಅರ್ಜಿ ಆನ್‌ಲೈನಲ್ಲಿ, ಜಲನಿಧಿ ಅನ್ನುವ ಸರ್ಕಾರಿ ಜಾಲತಾಣದಲ್ಲಿ. ಖಾತೆ ಉತಾರ, ಮನೆ ತೆರಿಗೆ ರಸೀದಿ, ಲೈಸೆನ್ಸ್ ಇರುವ ಪ್ಲಂಬರ್ ಹೆಸರು, ರಸ್ತೆ ಅಗೆಯಲು ಬೇರೆ ಫೀ. ನೀರಿನದ್ದು ಬೇಗ ಆಯಿತು, ತಕರಾರು ಇಲ್ಲ. ಯುಜಿಡಿಯದ್ದು ಹಾಗಲ್ಲ. ಕಂಟ್ರಾಕ್ಟರ್ ರಸ್ತೆಯ ಮಧ್ಯದಲ್ಲಿ ಪೈಪು, ಚೇಂಬರ್ ಎಲ್ಲ ಮಾಡಿ ಹೋಗಿದ್ದಾನೆ. ಚೇಂಬರಿನಿಂದ ನಮ್ಮ ಕಂಪೌಂಡಿಗೆ ಇರುವ ಜಾಗ ಯಾರ ಜವಾಬ್ದಾರಿ ಅಂತ ಮೂರು ಕಡೆ ಕೇಳಿದರೆ ಮೂರು ಉತ್ತರ. ಯೋಜನೆಯಲ್ಲಿ ಇಲ್ಲ ಅಂದರು ಒಬ್ಬರು. ಮನೆಯವರೇ ಮಾಡಿಕೊಳ್ಳಬೇಕು ಅಂದರು ಇನ್ನೊಬ್ಬರು. ಎರಡನೇ ಹಂತದಲ್ಲಿ ಬರುತ್ತದೆ, ಕಾಯಿರಿ ಅಂದರು ಮತ್ತೊಬ್ಬರು. ಕೊನೆಗೆ ಸ್ವಂತ ಖರ್ಚಿನಲ್ಲೇ ಮಾಡಿಸಿದೆ. ದೊಡ್ಡ ಲೈನ್, ವೆಟ್‌ವೆಲ್, ಕೊಳಚೆ ಶುದ್ಧ ಮಾಡುವ ಎಸ್‌ಟಿಪಿ ಎಲ್ಲ ಕಟ್ಟಿ, ಮನೆಗಳೇ ಸೇರದಿದ್ದರೆ ಏನು ಬಂತು? ಕೊಳಚೆ ಕಡಿಮೆ ಬಂದರೆ ಪೈಪಿನಲ್ಲಿ ವೇಗ ಇರುವುದಿಲ್ಲ, ಲೈನ್ ಕಟ್ಟಿಕೊಳ್ಳುತ್ತದೆ, ಹಾಗೆ ಕಟ್ಟಿಕೊಳ್ಳುವ ಲೈನಿಗೆ ಯಾರೂ ಸೇರುವುದಿಲ್ಲ. ಮೊದಲ ದಿನವೇ ಮನೆ ಬಾಗಿಲ ತನಕ ಪೈಪು ಎಳೆದು ಕೊಟ್ಟಿದ್ದರೆ ಇಷ್ಟು ಸುತ್ತು ಬೇಡವಾಗಿತ್ತು.

ಲೈನ್ ಕಟ್ಟಿಕೊಂಡಾಗ ಬರುವ ಜೆಟ್ಟಿಂಗ್ ಗಾಡಿಗೆ ಮಾತ್ರ ಪೂರ್ತಿ ಮಾರ್ಕ್ಸ್. ಬೂಟು, ಗ್ಲೌಸ್ ಹಾಕಿಕೊಂಡು ಇಬ್ಬರು ಬಂದರು, ಪೈಪಿನೊಳಗೆ ನಳಿಕೆ ಬಿಟ್ಟು ನೀರಿನ ಒತ್ತಡದಲ್ಲೇ ತೆಗೆದರು, ಯಾರೂ ಒಳಗೆ ಇಳಿಯಲಿಲ್ಲ. ಸುರಕ್ಷತೆಯ ಸಾಧನ ಇಲ್ಲದೆ ಮನುಷ್ಯರನ್ನು ಇಳಿಸಿ ಚೊಕ್ಕ ಮಾಡಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಪಕ್ಕದ ಮನೆಯವರು "ಯಾರನ್ನಾದ್ರೂ ಕರೆಸಿ ಇಳಿಸಿದ್ರೆ ಬೇಗ ಆಗ್ತಿತ್ತು" ಅಂದಾಗ ಅವರಲ್ಲೊಬ್ಬ ಅಂದ, "ಬೇಗ ಆಗ್ಬೇಕಾದ್ರೆ ನೀವೇ ಇಳೀರಿ." ಆ ಹುಡುಗನಿಗೆ ಚಹ ಕುಡಿಸಿ ಕಳಿಸಿದೆ.

ಪ್ಲಾನಿಂಗಿಗೆ ಒಂದೇ ಸ್ಟಾರ್ ಯಾಕೆ ಅಂದರೆ, ಇಲ್ಲಿ ತಟ್ಟಬೇಕಾದ ಆಫೀಸಿನ ಬಾಗಿಲು ಜಾಸ್ತಿ. 1999ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಸಾಲ ಮಂಜೂರು ಮಾಡಿತ್ತಲ್ಲ, ಕರಾವಳಿ ಪರಿಸರದ ಹೆಸರಲ್ಲಿ ಹತ್ತು ಊರುಗಳಿಗೆ, ಅದರಲ್ಲಿ ನಮ್ಮ ಜಿಲ್ಲೆಯ ಕಾರವಾರ, ಅಂಕೋಲಾ, ಭಟ್ಕಳ, ಶಿರಸಿ, ದಾಂಡೇಲಿ ಇದ್ದವು. ಆಗ ನೀರು, ಒಳಚರಂಡಿ, ಕಸ ಎಲ್ಲ ಒಂದೇ ಯೋಜನೆಯ ಕೆಳಗೆ ಇತ್ತು. ಕೆಲಸ ಹೇಗಾಯಿತು ಅನ್ನುವುದು ಬೇರೆ ಪುರಾಣ, ಆದರೆ ಫೈಲಾದರೂ ಒಂದೇ. ಈಗ ನೋಡಿ. 2021ರ ಅಕ್ಟೋಬರ್ 1ರಂದು ದೆಹಲಿಯಲ್ಲಿ ಒಂದೇ ದಿನ ಎರಡು ಯೋಜನೆ ಶುರುವಾದವು, ಅಮೃತ್ 2.0 ಮತ್ತು ಸ್ವಚ್ಛ ಭಾರತ ನಗರ 2.0. ನಳದ ನೀರು ಎಲ್ಲ ಪಟ್ಟಣಗಳಿಗೂ ಅಮೃತ್‌ನಿಂದ. ಒಳಚರಂಡಿಗೆ ಅಮೃತ್ ದುಡ್ಡು ಬರುವುದು ಮೊದಲೇ ಆರಿಸಿಟ್ಟ 500 ದೊಡ್ಡ ಊರುಗಳಿಗೆ ಮಾತ್ರ. ಒಂದು ಲಕ್ಷಕ್ಕಿಂತ ಕಡಿಮೆ ಜನ ಇರುವ ಊರಿನ ಬಳಸಿದ ನೀರು ಸ್ವಚ್ಛ ಭಾರತದ ಪಾಲಿಗೆ. ನಮ್ಮ ಜಿಲ್ಲೆಯಲ್ಲಿ ಒಂದು ಲಕ್ಷ ಜನ ಇರುವ ಪಟ್ಟಣವೇ ಇಲ್ಲ. ಹಾಗಾಗಿ ನಳಕ್ಕೆ ಒಂದು ಫೈಲು, ಆ ನಳದ ಕೊಳಚೆಗೆ ಇನ್ನೊಂದು ಫೈಲು, ಗಡಿ ದಾಟಿದರೆ ಜಲ ಜೀವನ್ ಮಿಷನ್ ಅಂತ ಮೂರನೇದು, ಹಳ್ಳಿಯ ಬಚ್ಚಲು ನೀರಿಗೆ ಸ್ವಚ್ಛ ಭಾರತ ಗ್ರಾಮೀಣ ಅಂತ ನಾಲ್ಕನೇದು. ಹೆದ್ದಾರಿ 66ರ ಅಡಿಯಿಂದ ಪೈಪು ದಾಟಿಸಲು ಹೆದ್ದಾರಿ ಪ್ರಾಧಿಕಾರದ ಒಪ್ಪಿಗೆ, ಹಳಿ ದಾಟಿಸಲು ಕೊಂಕಣ ರೈಲ್ವೆಯದ್ದು. ಹೆದ್ದಾರಿ ಅಗಲ ಮಾಡುವಾಗಲೇ ನಾಲ್ಕು ಕಡೆ ದಪ್ಪ ಪೈಪು ಅಡ್ಡ ಹಾಕಿಟ್ಟಿದ್ದರೆ ಆಗಿತ್ತು. ಯಾರೂ ಕೇಳಲಿಲ್ಲ, ಯಾಕೆಂದರೆ ಆಗ ಯುಜಿಡಿ ಫೈಲು ಹುಟ್ಟಿರಲಿಲ್ಲ.

ಇವರನ್ನೆಲ್ಲ ಒಂದೇ ಮೇಜಿಗೆ ಕೂರಿಸುವ ವ್ಯವಸ್ಥೆ ಕಾನೂನಿನಲ್ಲಿ ಇಲ್ಲ ಅಂದುಕೊಳ್ಳಬೇಡಿ. ಇದೆ. ಸಂವಿಧಾನಕ್ಕೆ 1992ರ 74ನೇ ತಿದ್ದುಪಡಿಯಲ್ಲಿ ಬಂದ 243 ಝಡ್‌ಡಿ ವಿಧಿ ಓದಿ ನೋಡಿ. ಪ್ರತಿ ಜಿಲ್ಲೆಗೊಂದು ಜಿಲ್ಲಾ ಯೋಜನಾ ಸಮಿತಿ ಇರಬೇಕು, ಪಂಚಾಯಿತಿ ಮತ್ತು ಪಟ್ಟಣದ ಯೋಜನೆಗಳನ್ನು ಅದು ಒಟ್ಟು ಸೇರಿಸಬೇಕು, ಎರಡಕ್ಕೂ ಸೇರಿದ ವಿಷಯಗಳಲ್ಲಿ ನೀರಿನ ಹಂಚಿಕೆಯನ್ನೂ ನೋಡಬೇಕು ಅಂತ ಹೆಸರಿಟ್ಟೇ ಬರೆದಿದ್ದಾರೆ. ಸಮಿತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ಪಟ್ಟಣಗಳ ಚುನಾಯಿತ ಸದಸ್ಯರಿಂದಲೇ ಬರಬೇಕು. ನಮ್ಮ ರಾಜ್ಯದಲ್ಲಿ 2021ರಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಮೇಜು ಇದೆ, ಕುರ್ಚಿ ಖಾಲಿ. ಪೈಪಿನ ಆಯುಷ್ಯ 30 ವರ್ಷಕ್ಕೆ ಲೆಕ್ಕ ಹಾಕುತ್ತಾರೆ, ಪಂಪಿನದ್ದು 15. ಅದನ್ನು ಎಲ್ಲಿ ಹೂಳಬೇಕು ಅಂತ ತೀರ್ಮಾನ ಮಾಡುವವರು ಮುಂದಿನ ವರ್ಗಾವಣೆ ತನಕದವರು.

ಅಕ್ಕನ ಮನೆ ಶಿರಸಿಯಲ್ಲಿ. ಅಲ್ಲಿ ಹೋದಾಗಲೂ ಬಾಯಿ ಸುಮ್ನಿರದೆ ವಿಚಾರಿಸುತ್ತೇನೆ. ಅವರಿಗೆ ನೀರು ಕೆಂಗ್ರೆ ಮತ್ತು ಮಾರಿಗದ್ದೆಯಿಂದ. ಉಪ್ಪಿನ ಕಾಟ ಇಲ್ಲ, ಬೇಸಿಗೆಯಲ್ಲಿ ಹೊಳೆ ಸಣ್ಣಗಾಗುವ ಚಿಂತೆ ಇದೆ. ಘಟ್ಟದ ಮೇಲಿನ ಊರು, ದಿಬ್ಬ ತಗ್ಗು ಬೇಕಾದಷ್ಟು, ಕೊಳಚೆ ಹರಿಯಲು ಇಳಿಜಾರು ಹುಡುಕಬೇಕಾಗಿಲ್ಲ. ಆದರೆ ಒಂದೊಂದು ದಿಬ್ಬದ ನೀರು ಒಂದೊಂದು ಕಣಿವೆಗೆ ಇಳಿಯುತ್ತದೆ, ಎಲ್ಲವನ್ನೂ ಒಂದೇ ಎಸ್‌ಟಿಪಿಗೆ ತರುವುದು ಅಷ್ಟು ಸುಲಭ ಅಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬೇರೆ. ಲಕ್ಷಗಟ್ಟಲೆ ಜನ ಒಂದು ವಾರ ಬಂದು ಹೋಗುವ ಊರಿಗೆ ಜನಗಣತಿ ನೋಡಿ ಪೈಪಿನ ದಪ್ಪ ನಿರ್ಧಾರ ಮಾಡಿದರೆ ಆಗುವುದಿಲ್ಲ ಅಂತ ಭಾವ ಹೇಳುತ್ತಾರೆ, ಅವರ ಮಾತು ಒಪ್ಪುತ್ತೇನೆ. ನನ್ನ ಕೇಳಿದರೆ ಒಳಚರಂಡಿಗೆ ಶಿರಸಿ ನೆಲ ಒಳ್ಳೆಯದು.

ಹಾಗಾದರೆ ಕನೆಕ್ಷನ್ ತಗೊಳ್ಳಬಹುದಾ? ನೀರಿನದ್ದು ಕಣ್ಣುಮುಚ್ಚಿ ತಗೊಳ್ಳಿ. ಮನೆಗೆ ಬರುವ ಪೈಪನ್ನು ಗಟಾರದ ಒಳಗಿಂದ ತರಬೇಡಿ ಅಂತ ಪ್ಲಂಬರಿಗೆ ಮೊದಲೇ ಹೇಳಿ, ಗಟಾರದ ತಳಕ್ಕಿಂತ ಕೆಳಗಿಂದ ಇನ್ನೊಂದು ದಪ್ಪ ಪೈಪಿನೊಳಗೆ ತೂರಿಸಿ ತರಲಿ, ಖರ್ಚು ಸ್ವಲ್ಪ ಜಾಸ್ತಿ ಅಷ್ಟೇ. ನಳದ ನೀರಲ್ಲಿ ಔಷಧಿ ವಾಸನೆ ಅಂತ ಮೂಗು ಮುರಿಯಬೇಡಿ, ತುದಿ ಮನೆಯ ನಳದಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುವುದು ನಿಯಮ. ವಾಸನೆ ಒಂಚೂರೂ ಇಲ್ಲದಿದ್ದರೇ ವಿಚಾರಿಸಬೇಕು. ಬಾವಿ ಮಾತ್ರ ಮುಚ್ಚಬೇಡಿ, ಪೈಪು ಒಡೆದ ದಿನ ಅದೇ ಗತಿ.

ಯುಜಿಡಿ ನಿಮ್ಮ ಮನೆ ನೆಲ ರಸ್ತೆಗಿಂತ ಎತ್ತರ ಇದ್ದರೆ ತಗೊಳ್ಳಿ. ತಗ್ಗಿನಲ್ಲಿದ್ದರೆ ಮಳೆಗಾಲದಲ್ಲಿ ರಸ್ತೆ ಚೇಂಬರಿನ ನೀರು ನಿಮ್ಮ ಬಚ್ಚಲಿಗೇ ವಾಪಸ್ ಬರಬಹುದು, ಹಾಗಾಗಿ ವಾಪಸ್ ಬರದಂತೆ ತಡೆಯುವ ವಾಲ್ವ್ ಕೂರಿಸದೆ ಒಪ್ಪಬೇಡಿ. ಸೆಪ್ಟಿಕ್ ಟ್ಯಾಂಕ್ ಹಾಗೇ ಇಟ್ಟು ಅದರ ಓವರ್‌ಫ್ಲೋ ಮಾತ್ರ ಚೇಂಬರಿಗೆ ಕೊಡುತ್ತೇನೆ ಅಂತ ಪ್ಲಂಬರ್ ಹೇಳುತ್ತಾನೆ, ಅವನಿಗೆ ಕೆಲಸ ಕಡಿಮೆ. ಹಾಗೆ ಮಾಡಿದರೆ ಯುಜಿಡಿ ಚಾರ್ಜೂ ಕೊಡಬೇಕು, ಗುಂಡಿ ಖಾಲಿ ಮಾಡಿಸಲು ಸಕ್ಕಿಂಗ್ ಗಾಡಿಗೂ ಕೊಡಬೇಕು, ಬಾವಿಗೆ ಸೋರುವುದೂ ನಿಲ್ಲುವುದಿಲ್ಲ. ಪೂರ್ತಿ ಬೈಪಾಸ್ ಮಾಡಿಸಿ, ಗುಂಡಿ ಖಾಲಿ ಮಾಡಿಸಿ ಮಣ್ಣು ತುಂಬಿಸಿ.

ಮಣ್ಣು ಮುಚ್ಚುವ ಮೊದಲು ಪಕ್ಕದಲ್ಲಿ ಟೇಪ್ ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ, ಎರಡು ಪೈಪಿನ ನಡುವೆ ಎಷ್ಟು ಅಂತರ, ಎಷ್ಟು ಆಳ ಅಂತ ಕಾಣುವ ಹಾಗೆ. ಮುಂದೆ ಯಾರಾದರೂ ರಸ್ತೆ ಅಗೆಯಲು ಬಂದಾಗ ಆಫೀಸಿನ ನಕ್ಷೆಗಿಂತ ನಿಮ್ಮ ಮೊಬೈಲೇ ಉಪಯೋಗಕ್ಕೆ ಬರುತ್ತದೆ. ಅರ್ಜಿ ದೀಪಾವಳಿ ಕಳೆದ ಕೂಡಲೇ ಹಾಕಿ. ಮಾರ್ಚ್ ಆದ ಮೇಲೆ ಪ್ಲಂಬರ್ ಕೈಗೆ ಸಿಗುವುದಿಲ್ಲ, ಮೇ ಕೊನೆಗೆ ರಸ್ತೆ ಅಗೆಯಲು ಬಿಡುವುದಿಲ್ಲ, ಅಷ್ಟು ಹೊತ್ತಿಗೆ ಅಗೆದು ಅರ್ಧಕ್ಕೆ ಬಿಟ್ಟರೆ ಅಕ್ಟೋಬರ್ ತನಕ ಗೇಟಿನ ಮುಂದೆ ಹೊಂಡ.